ಕಾಶವ್ವನ ಅರ್ಧ ಮಾರಿ

ರಂಜನಾ ಚಹಾ ಕುಡಿದು ಸಭಾಂಗಣಕ್ಕೆ ಮರಳುವಷ್ಟರಲ್ಲಿ ಅವಳ ತಾಯಿಗೆ ಯಾರೋ ಹಾರ ಹಾಕಿಬಿಟ್ಟಿದ್ದರು. ತಾಯಿಗೆ ಅಂದರೆ, ಪ್ರದರ್ಶನಕ್ಕೆಂದು ರಂಜನಾಳೇ ಮಾಡಿ ತೂಗುಹಾಕಿದ್ದ ತಾಯಿಯ ಚಿತ್ರಕ್ಕೆ. ದಪ್ಪನೆಯ ಸೇವಂತಿಗೆ ಹಾರ. ಕೆಳಗೆ ಮೇಜಿನ ಮೇಲೆ ಬಾಳೆಹಣ್ಣು, ಅದಕ್ಕೆ ಚುಚ್ಚಿದ ಊದುಬತ್ತಿ. ಅಸಲಿ ಕಾಶವ್ವ ಕೆಳಗಡೆ ಎರಡನೇ ಸಲ ಚಹಾ ಹಾಕಿಸಿಕೊಳ್ಳುತ್ತಿದ್ದಳು.

"ಯಾರು ಹಾಕಿದ್ರಿ ಇದನ್ನ?"

"ನಾನ ಹಾಕ್ಸೇನಿ," ಎಂದರು ಪುಣೆಯ ಕನ್ನಡ ಬಳಗದ ಅಧ್ಯಕ್ಷ ಶಿವರುದ್ರಪ್ಪ. "ಕಪ್ಪು ಬಿಳುಪು ಫೋಟೋ, ಮಾರಿ ಮ್ಯಾಲ ಕತ್ತಲಿ. ಪಾಪ, ಯಾವಾಗ ಹೋದ್ರು?"

"ಹೋಗಿಲ್ರಿ. ಚಹಾ ಕುಡದು ಬರಾಕತ್ತಾಳ."

ಅಧ್ಯಕ್ಷರು ನಾಲಿಗೆ ಕಚ್ಚಿಕೊಂಡರು. ಅಧ್ಯಕ್ಷರ ನಾಲಿಗೆಯಲ್ಲವೇ, ಹಲ್ಲಿನ ನಡುವೆ ಬಹಳ ಹೊತ್ತು ನಿಲ್ಲಲಿಲ್ಲ. "ಹಂಗಾರ ಬಣ್ಣಾ ಹಾಕ್ರಿ. ಬದುಕಿರೋರನ್ನ ಹಿಂಗ ತೂಗುಹಾಕೂದು ಅಪಶಕುನ. ಒಂದೀಟು ನಗಸ್ರಿ. ಕಂಪ್ಯೂಟರ್‌ದಾಗ ಮಾಡಿದ್ದಲ್ಲೇನು, ಒತ್ತಿದ್ರ ಆತು. ಇಲ್ಲಾಂದ್ರ ಇಳಸಬೇಕಾಗ್ತದ."

ಒತ್ತಿದರೆ ಆಯಿತಂತೆ. ಪುಣೆ ಹತ್ತಿರದ ಚಾಕಣದ ಕಾರುದೀಪದ ಕಂಪನಿಯಲ್ಲಿ ದಿನವಿಡೀ ಪರದೆಯ ಮುಂದೆ ಕೂತು, ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳಬೇಕು ಎಂದು ನೋಡುವುದು ರಂಜನಾಳ ನೌಕರಿ. ಎಲ್ಲಿ ಬೀಳಬಾರದು ಎಂಬ ಹುಚ್ಚು ಹತ್ತಿದ್ದು ಹಳೆಯ ಅಪರಾಧದ ಸಿನಿಮಾಗಳಿಂದ. ಒದ್ದೆ ರಸ್ತೆ, ಒಂಟಿ ದೀಪ, ಟೋಪಿಯ ನೆರಳು, ಏನನ್ನೋ ಬಚ್ಚಿಟ್ಟುಕೊಂಡ ಹೆಣ್ಣು. ಅಂಥ ಲೋಕವನ್ನು ಕಂಪ್ಯೂಟರಿನಲ್ಲಿ ಕಟ್ಟಲು ಹೊರಟರೆ, ಅಲ್ಲಿ ಸಿಕ್ಕುವ ಸಿದ್ಧ ಗೊಂಬೆಗಳೆಲ್ಲ ಹಿಡಿ ಸೊಂಟದ, ಗೌನು ತೊಟ್ಟ ಬೆಡಗಿಯರು. ಅವಳಿಗೆ ಸಿಟ್ಟೇ ಬಂತು. ತಾಯಿಯನ್ನು ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಸುತ್ತಲೂ ತಿರುಗಿ ಫೋಟೋ ತೆಗೆದು, ಆ ಮುಖವನ್ನೇ ಗೊಂಬೆಗೆ ಕೊಟ್ಟಳು. ಇಳಕಲ್ ಸೀರೆಯ ಸೆರಗು ಗೊಂಬೆಯ ತಲೆಯ ಮೇಲೆ ನಿಲ್ಲದೆ ಜಾರುತ್ತಿತ್ತು. ಅದನ್ನು ನಿಲ್ಲಿಸಲು ಒಂದು ಮಳೆಗಾಲವೇ ಹಿಡಿಯಿತು. ಕೊನೆಗೆ ಕಿಟಕಿಯ ಸರಳಿನ ನೆರಳು ಕೆನ್ನೆಯ ಮೇಲೆ ಸರಿಯಾಗಿ ಬಿತ್ತು. ಹಣೆಯ ವಿಭೂತಿ, ಒಂದು ಕಣ್ಣು, ಅಷ್ಟಕ್ಕೇ ಬೆಳಕು.

"ನನ್ನ ಅರ್ಧಾ ಮಾರಿ ಎಲ್ಲಿಟ್ಟಿ?" ಎಂದಿದ್ದಳು ಕಾಶವ್ವ, ಪರದೆ ನೋಡಿ.

"ಕತ್ತಲ್ದಾಗ ಅದ ಬೇ."

"ಇರಲಿ ಬಿಡು. ಎಲ್ಲಾರಿಗೂ ಎಲ್ಲಾ ಯಾಕ ತೋರಸ್ಬೇಕು." ಪರದೆಯ ಮೇಲಿನ ಮುಖ ಮುಟ್ಟಿ, "ಈಕಿಗೆ ಯಾರ ಅಂಜಿಕಿನೂ ಇಲ್ಲ ನೋಡು," ಎಂದಿದ್ದಳು.

ಗಂಡ ಹೊಳಬಸಪ್ಪ ತೀರಿಕೊಂಡ ಮೇಲೆ ಕಾಶವ್ವ ಒಂದು ಎಸಳು ಹೂವು ಮುಡಿದವಳಲ್ಲ. ಯಾರದೇ ಮದುವೆಗೆ ಹೋದರೂ ಯಾರೂ ಹೇಳುವ ಮೊದಲೇ ಹಿಂದಿನ ಸಾಲಿಗೆ ಸರಿಯುವವಳು. ಅವಳ ಬಾಯಲ್ಲಿ ಆ ಮಾತು ಕೇಳಿದ ಮೇಲೆ ರಂಜನಾ ಆ ಬೆಳಕನ್ನು ಮತ್ತೆ ಮುಟ್ಟಿರಲಿಲ್ಲ. ಈಗ ಆ ಮುಖವನ್ನು ನಗಿಸಬೇಕಂತೆ.

"ಬಣ್ಣಾ ಹಾಕೂದಿಲ್ರಿ," ಎಂದಳು. "ನಗಸೂದೂ ಇಲ್ಲ."

"ಹಟಾ ಮಾಡಬ್ಯಾಡ್ರಿ, ತಂಗಿ. ಮಂದಿ ಏನಂದಾರು?"

"ಮಂದೀನ್ನ ಕೇಳಿ ಬೆಳಕು ಹಾಕಿಲ್ರಿ ನಾನು. ಇಳಸೂದಾದ್ರ ನೀವ ಇಳಸ್ರಿ, ಎಲ್ಲಾರ ಮುಂದ."

ಶಿವರುದ್ರಪ್ಪನವರ ಮುಖ ಕೆಂಪಾಯಿತು. "ಸ್ಟೂಲ್ ಘೇವೂನ ಯೇ ರೇ," ಎಂದು, ಸ್ಟೂಲು ತರಲು, ಮರಾಠಿಯಲ್ಲಿ ಕಾವಲುಗಾರನಿಗೆ ಕೂಗಿದರು. ಉದ್ಘಾಟನೆಗೆಂದು ರೇಷ್ಮೆ ಸೀರೆಯುಟ್ಟು ಬಂದವರೆಲ್ಲ ಮಾತು ನಿಲ್ಲಿಸಿ ಇತ್ತ ತಿರುಗಿದರು. ಸ್ಟೂಲಿನ ಹಿಂದೆಯೇ ಕಾಶವ್ವನೂ ಒಳಗೆ ಬಂದಳು. ಹಾರ ನೋಡಿದಳು, ಹೊಗೆ ನೋಡಿದಳು.

"ಯಾರು ಸತ್ತಾರ?" ಎಂದಳು ಕಾಶವ್ವ.

"ತಪ್ಪು ತಿಳೀಬ್ಯಾಡ್ರಿ ಅವ್ವಾರ," ಎಂದರು ಅಧ್ಯಕ್ಷರು. "ಚಿತ್ರಾ ಈಗಿಂದೀಗ ಇಳಸ್ತೀವಿ."

"ಯಾಕ? ಭಾಳ ಛಲೋ ಅದ. ಇರಲಿ."

ಅವಳು ಊದುಬತ್ತಿಯನ್ನು ಬಾಳೆಹಣ್ಣಿನಿಂದ ಕಿತ್ತು ಶಿವರುದ್ರಪ್ಪನವರ ಕೈಗೆ ಕೊಟ್ಟಳು. ಮಗಳ ಹೆಗಲು ಹಿಡಿದು ಸ್ಟೂಲು ಹತ್ತಿ ಹಾರ ತೆಗೆದಳು. ದಾರವನ್ನು ಹಲ್ಲಿನಲ್ಲಿ ಕಡಿದು ಗೇಣುದ್ದದ ತುಂಡು ಮಾಡಿಕೊಂಡಳು. ರೇಷ್ಮೆ ಸೀರೆಯವರಲ್ಲಿ ಯಾರೋ, "ಅಯ್ಯ ಶಿವನ," ಎಂದರು. ಕಾಶವ್ವ ತಲೆಯ ಮೇಲಿನ ಸೆರಗು ಹಿಂದಕ್ಕೆ ಸರಿಸಿ, ಬಿಳಿ ತುರುಬಿಗೆ ಆ ಹಳದಿ ಹೂವು ಸಿಕ್ಕಿಸಿಕೊಂಡಳು.

ಆಮೇಲೆ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತು ಬಾಳೆಹಣ್ಣು ಸುಲಿಯತೊಡಗಿದಳು.