ಚುಕ್ಕಾಣಿಯ ಬಳಿಯ ಕ್ಯಾನ್ವಾಸು

ನಾನೊಂದು ಕ್ಯಾನ್ವಾಸ್ ಹೊದಿಕೆ. ಹುಟ್ಟಿದ್ದು ಮಲ್ಪೆಯಲ್ಲಿ, ಆಟೋರಿಕ್ಷಾಗಳಿಗೆ ಹುಡ್ ಹೊಲಿಯುವ ಹಸನಬ್ಬ ಬ್ಯಾರಿಯವರ ಅಂಗಡಿಯಲ್ಲಿ. ದೋಣಿಗೆ ಹೊಲಿದದ್ದು ಅವರಿಗೆ ಅದೇ ಮೊದಲು. ಅಳತೆಯೇನೋ ಸರಿಯಾಗಿಯೇ ಹಿಡಿದರು. ಆದರೆ ಮೂವತ್ತು ವರ್ಷದ ಕೈರೂಢಿ ಬಿಡುತ್ತದೆಯೇ? ನನ್ನ ಬೆನ್ನಿಗೆ ರಿಕ್ಷಾದ್ದೇ ಒಂದು ಪುಟ್ಟ ಕಿಟಕಿ ಕೂರಿಸಿಬಿಟ್ಟರು. ಬಂದರಿನವರು ನನ್ನನ್ನು ಕಂಡಾಗಲೆಲ್ಲ, "ಉಡುಪಿಗೆ ಬರ್ತದಾ?" ಎಂದು ಕೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಮನೆ ಒಂದು ಸಣ್ಣ ಹಾಯಿದೋಣಿ. ಯಜಮಾನರು ಯಾದವ ಕರ್ಕೇರ, ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಹಾಯಿ ಅವರದು, ಚುಕ್ಕಾಣಿ ಮಾತ್ರ ಹೆಂಡತಿ ವಾರಿಜಕ್ಕನದು. ಚುಕ್ಕಾಣಿ ಹಿಡಿದರೆ ಆಕೆಯ ಬೆನ್ನು ನೆಟ್ಟಗಾಗುತ್ತಿತ್ತು, ಮಂಡಿನೋವು ಮರೆತುಹೋಗುತ್ತಿತ್ತು. ಅವರಿಬ್ಬರ ತಲೆಯ ಮೇಲೆ ನಾನು ಬಿಸಿಲು ಕುಡಿಯುತ್ತ ನಿಂತಿರುತ್ತಿದ್ದೆ.

ಒಂದು ಗುಟ್ಟು ನನಗೊಬ್ಬನಿಗೇ ಗೊತ್ತಿತ್ತು. ವಾರಿಜಕ್ಕನ ಕಣ್ಣು ಮಂಜಾಗುತ್ತ ಬಂದಿತ್ತು. ಗಾಳಿ ಎತ್ತಲಿಂದ ಎಂದು ಹೇಳುವ ಕೆಂಪು ಪಟ್ಟಿಯೊಂದು ಹಾಯಿಕಂಬದ ತುದಿಯಲ್ಲಿತ್ತು. ಅದು ಆಕೆಗೆ ಕಾಣುತ್ತಿರಲಿಲ್ಲ. ಹಾಗಾಗಿ ಎಡಗೈಯ ಎರಡು ಬೆರಳನ್ನು ಪಕ್ಕಕ್ಕೆ ಇಳಿಬಿದ್ದ ನನ್ನ ಅಂಚಿನ ಮೇಲಿಟ್ಟು ಕೂರುತ್ತಿದ್ದರು. ಗಾಳಿ ತಿರುಗುವ ಮೊದಲು ನಾನು ಸಣ್ಣಗೆ ನಡುಗುತ್ತಿದ್ದೆ. ಆಕೆಗೆ ಅಷ್ಟು ಸಾಕಾಗಿತ್ತು. ಅಷ್ಟು ನಂಬಿಕೆಯಿಂದ ನನ್ನನ್ನು ಬೇರೆ ಯಾರೂ ಮುಟ್ಟಿಲ್ಲ.

ಒಮ್ಮೆ ಜೋರು ಮಳೆಯಲ್ಲಿ ನನ್ನ ಹೊಲಿಗೆ ಬಿಟ್ಟಿತು. ವಾರಿಜಕ್ಕ ತೋಯ್ದು ತೊಪ್ಪೆಯಾದರು. ನ್ಯುಮೋನಿಯಾ ಆಗಿ ಎಂಟು ದಿನ ಆಸ್ಪತ್ರೆಯಲ್ಲಿ ಮಲಗಿದರು. ತಪ್ಪು ನನ್ನದೇ.

"ಇನ್ನು ಈ ಬಟ್ಟೆ ಬೇಡ ಮಾರಾಯ್ತಿ," ಎಂದರು ಯಾದವಣ್ಣ. "ತಲೆ ಮೇಲೆ ಫೈಬರಿನ ಗಟ್ಟಿ ಮಾಡು ಹಾಕಿಸ್ತೇನೆ, ಸುತ್ತ ಗಾಜು. ಒಂದು ಹನಿ ಒಳಗೆ ಬರ್ಲಿಕ್ಕಿಲ್ಲ."

"ಬಟ್ಟೆಯೇ ಇರ್ಲಿ."

"ನಿನ್ನ ಜೀವಕ್ಕಿಂತ ಬಟ್ಟೆ ಹೆಚ್ಚಾ?"

ಕಾರಣ ಹೇಳಿದರೆ ಚುಕ್ಕಾಣಿ ಕೈತಪ್ಪುತ್ತದೆಂದು ವಾರಿಜಕ್ಕನಿಗೂ ಗೊತ್ತು, ನನಗೂ ಗೊತ್ತು.

ಫೈಬರ್ ಮಾಡು ಬಂತು. ಬಿಳಿ ಮೈ, ಮಿರಿಮಿರಿ ಗಾಜು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ? ನನ್ನನ್ನು ಮಡಚಿ ವಾರಿಜಕ್ಕನ ಕಾಲ ಬಳಿ ಹಾಕಿದರು. ಮೊದಲ ದಿನವೇ ಗಾಳಿ ತಿರುಗಿತು. ಆಕೆಯ ಬೆರಳು ತಣ್ಣನೆಯ ಗಾಜನ್ನು ಸವರುತ್ತಿತ್ತು. ಗಾಜು ಏನು ಹೇಳೀತು? ಚುಕ್ಕಾಣಿ ಹೊರಳಿಸುವುದು ತಡವಾಗಿ, ಹಾಯಿಯ ಅಡ್ಡದಂಡ ದಡಾರನೆ ಈಚೆಗೆ ಬೀಸಿತು. ಯಾದವಣ್ಣ ಬಗ್ಗಿದರು, ಕೂದಲೆಳೆಯಲ್ಲಿ ಉಳಿದರು.

"ಪಟ್ಟಿ ನೋಡ್ಲಿಲ್ವಾ ನೀನು?"

"ಎರಡು ವರ್ಷದಿಂದ ನೋಡ್ಲಿಲ್ಲ. ನಂಗೆ ಕಾಣುದಿಲ್ಲ. ಆ ಬಟ್ಟೆ ಮುಟ್ಟಿಯೇ ದೋಣಿ ಬಿಡ್ತಿದ್ದೆ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಚುಕ್ಕಾಣಿ ಕೊಡ್ತಿದ್ರಾ?"

ಯಾದವಣ್ಣ ತಾವೇ ಚುಕ್ಕಾಣಿ ಹಿಡಿದು ದಡಕ್ಕೆ ತಂದರು. ವಾರಿಜಕ್ಕನ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನಮ್ಮಿಬ್ಬರ ಕಥೆಯೂ ಮುಗಿಯಿತು ಎಂದುಕೊಂಡೆ.

ಮೂರನೆಯ ದಿನ ಯಾದವಣ್ಣ ನನ್ನನ್ನು ಹೆಗಲಿಗೇರಿಸಿಕೊಂಡು ಹಸನಬ್ಬರ ಅಂಗಡಿಗೆ ಹೋದರು. ಮೇಲೆ ಫೈಬರ್ ಇರಲಿ, ಎಡಬದಿಯ ಗಾಜು ತೆಗೆದು ಅಲ್ಲಿಗೆ ಇದನ್ನೇ ಕೂರಿಸಿ ಎಂದರು. ಕತ್ತರಿ ನೋಯಿಸಿತು. ಅರ್ಧಕ್ಕಿಂತ ಹೆಚ್ಚು ಹೋಯಿತು, ಆ ರಿಕ್ಷಾ ಕಿಟಕಿಯೂ ಹೋಯಿತು. ಆಶ್ಚರ್ಯವೆಂದರೆ, ಆ ಕಿಟಕಿಗಾಗಿ ನಾನು ಅತ್ತುಬಿಟ್ಟೆ.

ಈಗ ನಾನು ಬಣ್ಣಗೆಟ್ಟ ಮುದಿ ತುಂಡು. ದೋಣಿ ದಡ ಬಿಟ್ಟು ದೂರ ಹೋಗುವುದಿಲ್ಲ. ಯಾದವಣ್ಣ ಮುಂದೆ ಕೂತು, "ಎದುರಿಗೆ ಬೋಟು ಉಂಟಾ ಅಂತ ನಾನು ನೋಡ್ತೇನೆ, ಗಾಳಿ ನೀನು ನೋಡು," ಎನ್ನುತ್ತಾರೆ. ವಾರಿಜಕ್ಕ ನನ್ನ ಮೇಲೆ ಎರಡು ಬೆರಳಿಡುತ್ತಾರೆ.

ಕೆಲವೊಮ್ಮೆ ದೋಣಿ ಕಟ್ಟಿದ ಮೇಲೆ ಯಾದವಣ್ಣ ಒಬ್ಬರೇ ಉಳಿಯುತ್ತಾರೆ. ಆಚೀಚೆ ನೋಡಿ, ಆಕೆಯ ಜಾಗದಲ್ಲಿ ಕೂತು, ಕಣ್ಣು ಮುಚ್ಚಿ, ನನ್ನ ಅಂಚಿಗೆ ಎರಡು ಬೆರಳಿಡುತ್ತಾರೆ. ನಾನು ಕೈಲಾದಷ್ಟು ನಡುಗುತ್ತೇನೆ. ಪಾಪ, ಅವರಿಗೆ ಇನ್ನೂ ಏನೂ ತಿಳಿಯುವುದಿಲ್ಲ. ಆದರೂ ಮರುದಿನ ಮತ್ತೆ ಬರುತ್ತಾರೆ.