ಮೋಟಾರಿಗೆ ಹೇಳಿದ ಮಾತು

ನನ್ನ ನಾದಿನಿ ದ್ರೌಪದಿ ಚೊಚ್ಚಲ ಹೆರಿಗೆಗೆಂದು ಅಕ್ಕಲಕೋಟದ ತವರಿಗೆ ಬಂದಿದ್ದಳು. ಅವಳ ಕಾಲು ಬಾತು, ಕಣ್ಣು ಮಂಜಾಗತೊಡಗಿದಾಗ ಸೂಲಗಿತ್ತಿ ಜನಾಬಾಯಿ, "ಇದು ನನ್ನ ಕೈಯಾಗಿಂದಲ್ಲ. ಇವತ್ತ ಸೊಲ್ಲಾಪುರದ ದವಾಖಾನಿಗಿ ಒಯ್ಯಿರಿ" ಎಂದುಬಿಟ್ಟಳು.

ನನ್ನ ಗಂಡನ ಅಣ್ಣ ಖಂಡಪ್ಪ ತಮ್ಮ ಹಳೆಯ ಬಾಡಿಗೆ ಮೋಟಾರನ್ನು ಬಾಗಿಲಿಗೆ ತಂದರು. ಅದು ತಗ್ಗು ಸಿಕ್ಕಲ್ಲೆಲ್ಲ ಖಟ್ ಖಟ್ ಎನ್ನುತ್ತಿತ್ತು. ಭಾವನವರಿಗೆ ಆ ಸದ್ದೆಂದರೆ ಹೆಮ್ಮೆ. ಅವರು ಅರ್ಧ ಆಯುಷ್ಯ ಚಕ್ಕಡಿ ಹೊಡೆದವರು. ಚಕ್ಕಡಿಯ ಗಾಲಿ ಅಚ್ಚಿನ ಮೇಲೆ ಸಡಿಲವಿದ್ದು ಸದ್ದು ಮಾಡಿದರೇ ಹಗುರ ಓಡುತ್ತದೆ. ಮೋಟಾರೂ ಹಾಗೆಯೇ ಎಂದು ಅವರ ಲೆಕ್ಕ.

ಆದರೆ ಅವರು ಸ್ಟೇರಿಂಗ್ ಅರ್ಧ ಸುತ್ತು ತಿರುಗಿಸಿದ ಮೇಲಷ್ಟೇ ಗಾಲಿ ಅಲುಗಿದ್ದನ್ನು ನಾನು ಕಂಡೆ. ಮುಂದಿನ ಟೈರು ಒಳಬದಿಗಷ್ಟೇ ಸವೆದು ನೂಲು ತೋರುತ್ತಿತ್ತು.

ಭಾವನ ಎದುರು ತಮ್ಮನ ಹೆಂಡತಿ ಮಾತಾಡುವಂತಿಲ್ಲ. ಹೇಳಲೇಬೇಕಿದ್ದರೆ ಗೋಡೆಗೋ ಕಂಬಕ್ಕೋ ಹೇಳಬೇಕು. ನಾನು ಅದನ್ನೂ ಮಾಡಿದವಳಲ್ಲ. ಆ ದಿನ ಸೆರಗು ಎಳೆದುಕೊಂಡು ಮೋಟಾರಿನ ದೀಪದ ಮುಂದೆ ನಿಂತೆ.

"ಮೋಟಾರವ್ವಾ, ಚಕ್ಕಡಿ ಗಾಲಿ ಸಡಿಲಿದ್ರ ಎತ್ತು ದಾರಿ ಹಿಡೀತಾವ. ನಿನಗ ಎತ್ತು ಎಲ್ಲಿ ಅದಾವ? ಕೈ ತಿರುವಿದ್ರೂ ನೀ ತಿರುಗವಲ್ಲಿ. ಸೊಲ್ಲಾಪುರ ದಾರ್ಯಾಗಿನ ಹಳ್ಳದ ಇಳಿಜಾರಿನ್ಯಾಗ ನಮ್ಮ ದ್ರೌಪದಿನ್ನ ಎಲ್ಲಿಗಿ ಒಯ್ತಿ?"

"ಅಯ್ಯ, ನಮ್ಮ ವೈನಿಗಿ ಬಾಯಿ ಅದ!" ಎಂದಳು ದ್ರೌಪದಿ, ಅಂಥ ಸಂಕಟದಲ್ಲೂ.

"ಕೇಳ್ದೇನು ಮೋಟಾರವ್ವಾ, ನಿನಗೂ ಸೂಲಗಿತ್ತಿ ಸಿಕ್ಕಾಳ" ಎಂದು ಭಾವ ಚುಚ್ಚಿದರು. ಆದರೂ ಜಾಕು ಕೊಟ್ಟು ಗಾಲಿ ಎತ್ತಿದರು. ಎರಡೂ ಬದಿ ಹಿಡಿದು ಅಲುಗಿಸಿದಾಗ ಅದು ಹಾಲುಹಲ್ಲಿನಂತೆ ಆಡಿತು. ಅವರು ಕೆಳಗೆ ತೂರಿದರು. ಮುಂದಿನ ಎರಡು ಗಾಲಿ ಕೂಡಿಸುವ ಸರಳಿನ ತುದಿಯಲ್ಲಿ ಕಬ್ಬಿಣದ ಗುಂಡೊಂದು ಬಟ್ಟಲಿನಲ್ಲಿ ಕೂತಿರುತ್ತದೆ. ಗ್ರೀಸು ಕಾಣದೆ ಬಟ್ಟಲು ಸವೆದುಹೋಗಿತ್ತು. ಬೆರಳಿನಿಂದ ಎಳೆದರೆ ಸರಳು ಕಳಚಿಯೇ ಬಂತು.

ಭಾವ ಎದ್ದು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. "ಚಕ್ಕಡಿ ಹೂಡ್ರಿ. ರೇಲಿಗಿ ಹೋಗೂನು" ಎಂದರು.

ಹುಲ್ಲು ಹಾಸಿದ ಚಕ್ಕಡಿಯಲ್ಲಿ ಸ್ಟೇಷನ್ ಮುಟ್ಟುವಾಗ ರೇಲು ಇನ್ನೂ ಬಂದಿರಲಿಲ್ಲ. ದ್ರೌಪದಿ, ಭಾವ, ನಾನು ಮೂವರೂ ಹತ್ತಿದೆವು. ಸೊಲ್ಲಾಪುರದ ಡಾಕ್ಟರಬಾಯಿ ದ್ರೌಪದಿಯನ್ನು ನೋಡಿ, "ವೇಳೆಕ್ಕ ತಂದೀರಿ, ಅಂಜಬ್ಯಾಡ್ರಿ" ಎಂದು ಒಳಗೆ ಕರೆದೊಯ್ದರು. ಸಂಜೆಗೆ ಕೂಸಿನ ಅಳು ಕೇಳಿಸಿತು, ಅದರ ಹಿಂದೆಯೇ ನೀರು ಬೇಡುವ ದ್ರೌಪದಿಯ ದನಿ. ಭಾವ ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ನಾನು ಗೋಡೆಗೆ ಒರಗಿ ಕೂತಲ್ಲೇ ನಿದ್ದೆಹೋದೆ.