ಕಡಲ ಗಾಳಿಗೆ ಎಲ್ಲರೂ ಕಿವುಡರೇ

ದೊಡ್ಡಮ್ಮ ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ತಲೆಗೊಂದು ಹೆಡ್‌ಫೋನು, ಎದುರಿಗೆ ನೂರಾರು ತೂತುಗಳ ಬೋರ್ಡು, ಎರಡು ಕೈಯಲ್ಲೂ ವೈರು. ಆ ಕಡೆಯವರು ಬರೀ ಕೆಮ್ಮಿದರೂ ಸಾಕು, ಯಾವ ನಂಬರಿನವರೆಂದು ಹೇಳಿಬಿಡುತ್ತಿದ್ದಳು. ಅಂಥವಳಿಗೆ ಐವತ್ತೆಂಟು ತುಂಬುತ್ತಿದ್ದಂತೆ ಕಿವಿ ಕೈಕೊಟ್ಟಿತು. ಮೊದಲು ಬಾಗಿಲ ಗಂಟೆ ಹೋಯಿತು. ಆಮೇಲೆ ಮಾತಿನೊಳಗಿನ ಸ, ಶ, ಚ ಒಂದೊಂದಾಗಿ ಜಾರಿಹೋದವು. ಈಗ ನಾಲ್ಕು ವರ್ಷದಿಂದ ಎರಡೂ ಕಿವಿಯ ಹಿಂದೆ ಗೋಡಂಬಿಯಷ್ಟು ದೊಡ್ಡ ಮಶೀನು. ಅದರಿಂದ ಅರ್ಧ ಕೇಳಿಸುತ್ತಿತ್ತು. ಉಳಿದರ್ಧವನ್ನು ಎದುರಿನವರ ತುಟಿ ನೋಡಿ ತುಂಬಿಕೊಳ್ಳುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ಬೇರೆ ದಾರಿ ಇಲ್ಲದೆ ಬಂದ ವಿದ್ಯೆ.

ತೀರಿಹೋದ ತಂಗಿಯ ಮಗಳನ್ನು ಹತ್ತನೇ ವಯಸ್ಸಿನಿಂದ ಸಾಕಿದವಳು ಅವಳೇ. ಮಗಳೀಗ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಳಿಯ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅವರಿಗೆ ಏಳು ವರ್ಷದ ಪುಟ್ಟಿ. ಮೂವರೂ ಮೇಲಿನ ಮಹಡಿಯಲ್ಲಿ, ದೊಡ್ಡಮ್ಮ ಕೆಳಗಿನ ಒಂದೂವರೆ ಕೋಣೆಯಲ್ಲಿ. ಊಟ ಒಟ್ಟಿಗೆ. ಅಳಿಯ ಒಳ್ಳೆಯವನೇ, ಆದರೆ ವರ್ಷಗಟ್ಟಲೆ ಬೋರ್ಡಿನ ಕಡೆ ತಿರುಗಿ ಪಾಠ ಹೇಳಿದ ಅಭ್ಯಾಸ. ಮನೆಯಲ್ಲೂ ಕಿಟಕಿಯ ಕಡೆ, ಒಲೆಯ ಕಡೆ, ಎಲ್ಲೆಂದರಲ್ಲಿ ಮುಖ ಹಾಕಿ ಮಾತಾಡುತ್ತಿದ್ದ. ಅವನ ಬೆನ್ನನ್ನು ಓದುವುದು ದೊಡ್ಡಮ್ಮನಿಗೆ ಬರುತ್ತಿರಲಿಲ್ಲ. ಏನಂದ್ರಿ ಎಂದು ಮೂರನೇ ಸಲ ಕೇಳಲು ನಾಚಿಕೆಯಾಗಿ ಸುಮ್ಮನೆ ತಲೆಯಾಡಿಸುತ್ತಿದ್ದಳು.

ಬೇಸಿಗೆ ಬಂತೆಂದರೆ ತಿಂಗಳಿಗೊಂದು ಭಾನುವಾರ ಅವರು ಕಡಲಿಗೆ ಹೊರಡುತ್ತಿದ್ದರು. ಪ್ರತಿ ಸಲವೂ ಕರೆಯುತ್ತಿದ್ದರು, ಪ್ರತಿ ಸಲವೂ ದೊಡ್ಡಮ್ಮ ಒಂದಲ್ಲ ಒಂದು ನೆಪ ತೆಗೆಯುತ್ತಿದ್ದಳು. ಬಿಸಿಲಿಗೆ ತಲೆನೋವು. ಮರಳಿನಲ್ಲಿ ಮಂಡಿ ಹಿಡಿಯುತ್ತದೆ. ನಲ್ಲಿ ರಿಪೇರಿಯವನು ಬರುತ್ತಾನೆ. ಆ ನಲ್ಲಿಯವನು ನಾಲ್ಕು ವರ್ಷದಲ್ಲಿ ಎಷ್ಟು ಸಲ ಬಂದಿದ್ದನೆಂದರೆ, ನಲ್ಲಿ ಚಿನ್ನದ್ದೇ ಇರಬೇಕು ಎಂದು ಮಗಳು ಒಮ್ಮೆ ಅಂದಿದ್ದಳು.

ನಿಜವಾದ ಕಾರಣ ಮಶೀನು. ಉಪ್ಪುಗಾಳಿ, ಮರಳು, ನೀರು ಮೂರೂ ಅದಕ್ಕೆ ಶತ್ರು. ಗಾಳಿ ಬೀಸಿದರೆ ಒಳಗೆ ಲಾರಿ ಓಡಿದಂಥ ಸದ್ದು. ತೆಗೆದಿಟ್ಟರೆ ಪೂರ್ತಿ ಮೌನ. ಅಷ್ಟು ಜನರ ನಡುವೆ ಏನೂ ಕೇಳದೆ ಕೂತಿರುವುದು, ಯಾರು ನಕ್ಕರೂ ತಡವಾಗಿ ನಗುವುದು, ಎಲ್ಲಕ್ಕಿಂತ ಹೆಚ್ಚಾಗಿ ಮಗು ಎಲ್ಲಾದರೂ ಕೂಗಿ ಕರೆದರೆ ತಿಳಿಯದೇ ಹೋಗುವುದು. ಇದನ್ನು ನೆನೆದೇ ಅವಳು ಮನೆಯಲ್ಲಿ ಉಳಿಯುತ್ತಿದ್ದಳು. ಹೇಳಿಕೊಳ್ಳಲು ಮನಸ್ಸು ಬರಲಿಲ್ಲ. ಊರಿನವರ ಮಾತನ್ನೆಲ್ಲ ಕಿವಿಯಲ್ಲಿ ದಾಟಿಸಿದವಳು ತಾನು ಎಂಬ ಬಿಗುಮಾನ ಇನ್ನೂ ಉಳಿದಿತ್ತು.

ಈ ಸಲ ಕರೆಯಲು ಪುಟ್ಟಿಯೇ ಬಂದಳು. ಎದುರಿಗೆ ಮಣೆ ಎಳೆದುಕೊಂಡು ಕೂತು, ನೇರ ಮುಖ ನೋಡಿ ಕೇಳಿದಳು.

"ಅಜ್ಜಿ, ನಿನಗೆ ನಮ್ಮ ಮೇಲೆ ಕೋಪಾನಾ?"

ನೆಪಗಳು ಆ ಕಡೆಯಿಂದ ಹಾಗೆ ಕಾಣುತ್ತವೆಂದು ದೊಡ್ಡಮ್ಮನಿಗೆ ಹೊಳೆದಿರಲೇ ಇಲ್ಲ. ಅವಳು ಎದ್ದು ಟವೆಲ್ಲು ಹುಡುಕಿದಳು.

ಕಾರಿನಿಂದ ಇಳಿಯುವಾಗಲೇ ಗಾಳಿ ಸೀರೆಯ ಸೆರಗನ್ನು ಎಳೆದಾಡಿತು. ಮಶೀನುಗಳನ್ನು ಬಿಚ್ಚಿ, ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ಚೀಲದ ತಳಕ್ಕೆ ಇಳಿಸಿದಳು. ಜಗತ್ತು ಹತ್ತಿ ತುಂಬಿದ ಹಾಗೆ ನಿಂತುಹೋಯಿತು. ಚಾಪೆಯ ಮೇಲೆ ಕೂತು, ಪುಟ್ಟಿಯ ಮೇಲೆ ನೆಟ್ಟ ಕಣ್ಣನ್ನು ರೆಪ್ಪೆ ಮಿಟುಕಿಸಲೂ ಬಿಡಲಿಲ್ಲ.

ಹಾಗೆ ಅರ್ಧ ಗಂಟೆ ಕೂತ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಮಗಳು ಹತ್ತು ಹೆಜ್ಜೆ ಆಚೆಯಿದ್ದ ಗಂಡನಿಗೆ ಏನೋ ಹೇಳಿದಳು. ಅವನು ಕಿವಿಗೆ ಕೈಯಿಟ್ಟು "ಆಂ?" ಎಂದ. ಅವಳು ಮತ್ತೆ ಹೇಳಿದಳು. ಅವನು ಕಿತ್ತಳೆಯ ಬದಲು ಚಪ್ಪಲಿ ತಂದುಕೊಟ್ಟ. ಪಕ್ಕದ ಛತ್ರಿಯ ಕೆಳಗಿನ ಗಂಡ ಹೆಂಡತಿ ಕೈಸನ್ನೆಯಲ್ಲೇ ಜಗಳವಾಡುತ್ತಿದ್ದರು. ಚಹಾ ಮಾರುವವನು ಎಷ್ಟು ಲೋಟ ಎಂದು ಮೂರು ಸಲ ಕೇಳಿ, ಸಾಕಾಗಿ ಬೆರಳು ತೋರಿಸಿದ. ಅಲೆಯ ಅಬ್ಬರಕ್ಕೂ ಗಾಳಿಗೂ ಯಾರ ಮಾತೂ ಯಾರಿಗೂ ಹತ್ತುತ್ತಿರಲಿಲ್ಲ. ಕಂಡಲ್ಲೆಲ್ಲ ಕಿವಿಗೆ ಕೈ, ಕಂಡಲ್ಲೆಲ್ಲ "ಆಂ?"

ಇವತ್ತು ಊರಿಗೆ ಊರೇ ಕಿವುಡು ಎಂದುಕೊಂಡಳು ದೊಡ್ಡಮ್ಮ. ನಾಲ್ಕು ವರ್ಷದಲ್ಲಿ ಮೊದಲ ಸಲ, ಅವಳ ಹೆಗಲು ತಾನಾಗಿ ಕೆಳಗಿಳಿಯಿತು. ಚಹಾದವನ ತುಟಿಯನ್ನು ಅವಳು ಮೊದಲ ಸಲಕ್ಕೇ ಓದಿದ್ದಳು.

ಅಳಿಯ ನೀಲಿ ಟೋಪಿ ಹಾಕಿಕೊಂಡು ಈಜಲು ಇಳಿದ. ಪುಟ್ಟಿ ಅಮ್ಮನ ಜೊತೆ ದಡದಲ್ಲಿ ಗುಂಡಿ ತೋಡುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅವನು ಇಪ್ಪತ್ತು ಮಾರು ದೂರದಿಂದ ಕೈಯೆತ್ತಿದ. ಮಗಳು ನಕ್ಕು ಕೈಬೀಸಿದಳು, ಪುಟ್ಟಿ ಎರಡೂ ಕೈ ಬೀಸಿದಳು. ಅವನು ಮತ್ತೆ ಕೈಯೆತ್ತಿದ. ಇವರು ಮತ್ತೆ ಬೀಸಿದರು.

ದೊಡ್ಡಮ್ಮ ಕಣ್ಣಿನ ಪೊರೆ ತೆಗೆಸಿ ವರ್ಷವಾಗಿತ್ತು, ದೂರದ್ದೆಲ್ಲ ಸ್ಪಷ್ಟ. ಅಳಿಯ ಎಂದೂ ಇಲ್ಲದಂತೆ ನೇರವಾಗಿ ಅವರ ಕಡೆ ಮುಖ ಮಾಡಿದ್ದ. ಆ ಬಾಯಿ ನಗುತ್ತಿರಲಿಲ್ಲ. ಒಂದೇ ಪದವನ್ನು ಮತ್ತೆ ಮತ್ತೆ ಹೇಳುತ್ತಿತ್ತು: ಬಾಯಿ ಅಗಲ, ಆಮೇಲೆ ತುಟಿ ಮುಂದಕ್ಕೆ. ಹಾಲು. ಸಾಲು. ಕಾಲು. ತುಟಿಯ ಮೇಲೆ ಮೂರೂ ಒಂದೇ ಥರ ಕಾಣುತ್ತವೆ. ಆದರೆ ನಡುನೀರಿನಲ್ಲಿ ಯಾರೂ ಹಾಲು ಕೇಳುವುದಿಲ್ಲ.

ಅವಳು ಎದ್ದಳು. ಮಗಳಿಗೆ ಹೇಳಿ ಅರ್ಥ ಮಾಡಿಸುವಷ್ಟು ಹೊತ್ತಿರಲಿಲ್ಲ. ಲೈಫ್‌ಗಾರ್ಡಿನ ಎತ್ತರದ ಕುರ್ಚಿ ಐವತ್ತು ಹೆಜ್ಜೆ ಆಚೆಗಿತ್ತು. ನೋಯುವ ಮಂಡಿ ನೋಯಲಿ ಎಂದು ಸೀರೆ ಎತ್ತಿಕಟ್ಟಿ ಮರಳಿನಲ್ಲಿ ಓಡಿದಳು. ಕುರ್ಚಿಯ ಮೇಲಿದ್ದ ಹೆಂಗಸು ಬಗ್ಗಿ ಏನೋ ಕೇಳಿದಳು. ದೊಡ್ಡಮ್ಮ ಅದನ್ನು ಓದಲು ಹೋಗಲಿಲ್ಲ.

"ಅಲ್ಲಿ, ನೀಲಿ ಟೋಪಿ. ಕಾಲು ಹಿಡ್ಕೊಂಡಿದೆ ಅಂತಿದಾರೆ. ಬೇಗ ಹೋಗಮ್ಮ."

ಆ ಹೆಂಗಸು ಕೆಂಪು ತೇಲುಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಜಿಗಿದಳು. ಅವಳು ತಲುಪುವಷ್ಟರಲ್ಲಿ ನೀಲಿ ಟೋಪಿ ಎರಡು ಸಲ ಮುಳುಗಿ ಎದ್ದಿತ್ತು. ಮಗಳಿಗೆ ಆಗ ತಿಳಿಯಿತು. ಅವಳು ಪುಟ್ಟಿಯನ್ನು ಎದೆಗೆ ಒತ್ತಿಕೊಂಡು ನಿಂತಲ್ಲೇ ನಿಂತುಬಿಟ್ಟಳು.

ದಡಕ್ಕೆ ತಂದು ಮಲಗಿಸಿದಾಗ ಅಳಿಯ ಉಪ್ಪುನೀರು ಕಾರಿದ, ಕೆಮ್ಮಿದ, ಮತ್ತೆ ಕಾರಿದ. ಮೀನಖಂಡ ಕಲ್ಲಿನಂತೆ ಗಂಟುಕಟ್ಟಿತ್ತು. ಲೈಫ್‌ಗಾರ್ಡು ಪಾದವನ್ನು ಹಿಂದಕ್ಕೆ ಬಗ್ಗಿಸಿ ಹಿಡಿದು, ಗಂಟು ಸಡಿಲುವ ತನಕ ನೀವಿದಳು. ಗಾಬರಿಯಾಗುವಂಥದ್ದು ಏನೂ ಇಲ್ಲ, ಆದರೆ ಇನ್ನೊಂದೆರಡು ನಿಮಿಷ ತಡವಾಗಿದ್ದರೆ ಮಾತೇ ಬೇರೆ ಇತ್ತು ಎಂದು ಮಗಳಿಗೆ ಹೇಳಿದಳು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, ಈ ಗಾಳಿಯಲ್ಲಿ ನನಗೇ ಕೇಳಿಸಲಿಲ್ಲ, ನಿಮಗೆ ಹೇಗೆ ಕೇಳಿಸಿತು ಎಂದು ವಿಚಾರಿಸಿದಳು.

"ಕೇಳಿಸ್ಲಿಲ್ಲ. ನೋಡ್ದೆ," ಎಂದಳು ದೊಡ್ಡಮ್ಮ.

ಅಳಿಯ ಟವೆಲ್ಲು ಹೊದ್ದು ಮಲಗಿದ. ಪುಟ್ಟಿ ಅಪ್ಪನ ಹೆಬ್ಬೆರಳು ಹಿಡಿದುಕೊಂಡು ಪಕ್ಕದಲ್ಲಿ ಕೂತಳು, ಬಿಟ್ಟರೆ ಮತ್ತೆ ನೀರಿಗೆ ಓಡಿಬಿಡುತ್ತಾನೋ ಎಂಬಂತೆ. ಮಗಳು ದೊಡ್ಡಮ್ಮನ ಎದುರು ಬಂದು ಮಂಡಿಯೂರಿದಳು. ಅವಳ ತುಟಿ ನಡುಗುತ್ತಿದ್ದುದರಿಂದ ಓದುವುದು ಕಷ್ಟವಾಯಿತು. ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದಳು.

ಸುಳ್ಳಿಗೆ ಆ ಹೊತ್ತಿನಲ್ಲಿ ಜಾಗವಿರಲಿಲ್ಲ. ದೊಡ್ಡಮ್ಮ ಹೇಳಿದಳು: "ಮಶೀನು ಇಲ್ಲಿ ಹಾಕ್ಕೊಳೋಕಾಗಲ್ಲ ಕಣೇ. ತೆಗೆದ್ರೆ ನಿಮ್ಮ ಮಧ್ಯೆ ಒಂದು ಮೂಟೆ ಇಟ್ಟಹಾಗೆ ಕೂತಿರ್ತೀನಿ. ಮಗು ಕರೆದ್ರೂ ಗೊತ್ತಾಗಲ್ಲ. ಆ ಭಯ."

"ಇಷ್ಟೇನಾ?"

"ಇನ್ನೇನು ಅಂದ್ಕೊಂಡಿದ್ದೆ?"

ಮಗಳು ಕಣ್ಣೊರೆಸಿಕೊಂಡು ನಕ್ಕಳು. "ನಿನಗೆ ಇವ್ರನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ. ಏನು ಮಾತಾಡಿದ್ರೂ ಬರೀ ತಲೆ ಆಡಿಸ್ತೀಯ. ಅದಕ್ಕೆ ಇವ್ರ ಹತ್ರ ಎಷ್ಟು ಜಗಳ ಆಡಿದೀನಿ ಗೊತ್ತಾ, ನೀವು ಏನೋ ಅಂದಿರ್ಬೇಕು ದೊಡ್ಡಮ್ಮಂಗೆ ಅಂತ."

ದೊಡ್ಡಮ್ಮ ದಂಗಾದಳು. ತಾನು ನಾಚಿಕೆಗೆ ಆಡಿಸಿದ ತಲೆ ಮೇಲಿನ ಮಹಡಿಯಲ್ಲಿ ಜಗಳವಾಗಿ ಸಿಡಿಯುತ್ತಿತ್ತೇ? ಪಾಪ, ತಪ್ಪೇ ಮಾಡದೆ ಬೈಸಿಕೊಂಡ ಆಸಾಮಿ ಟವೆಲ್ಲಿನೊಳಗಿಂದ ಕತ್ತೆತ್ತಿ ನೋಡಿದ. ಇವರನ್ನಲ್ಲ, ಇವರ ಬೆನ್ನು ಕಂಡರೆ ಆಗೋದಿಲ್ಲ ಅಂತ ತಾನು ಮೊದಲೇ ಹೇಳಬಹುದಿತ್ತಲ್ಲ ಎಂದುಕೊಂಡಳು ದೊಡ್ಡಮ್ಮ. ಆ ಮಾತನ್ನು ಹೇಳಿಯೂ ಹೇಳಿದಳು. ಅಳಿಯನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದು ಕೂತು, ಅವಳ ಕಡೆ ತಿರುಗಿ, ಕ್ಷಮಿಸಿ ಅಂದ. ಅದನ್ನು ಎರಡು ಸಲ ಹೇಳಿದ. ಎರಡನೇ ಸಲ ಬೇಕಿರಲಿಲ್ಲ, ಆದರೂ ದೊಡ್ಡಮ್ಮ ಹೇಳಲು ಬಿಟ್ಟಳು.

ಹೊರಡುವ ಮೊದಲು ಅವಳಿಗೆ ನೀರಿಗೆ ಇಳಿಯುವ ಆಸೆಯಾಯಿತು. ಮಗಳು ಒಂದು ಕೈ, ಪುಟ್ಟಿ ಇನ್ನೊಂದು ಕೈ ಹಿಡಿದರು. ಪಾದದ ಅಡಿಯ ಮರಳನ್ನು ನೀರು ಎಳೆದುಕೊಂಡು ಹೋಗುವಾಗ ನೆಲವೇ ಜಾರಿದಂತಾಗಿ ಇಬ್ಬರನ್ನೂ ಬಿಗಿಯಾಗಿ ಹಿಡಿದಳು. ಮಂಡಿಯೆತ್ತರದ ಅಲೆ ಬಂದು ಸೊಂಟದ ತನಕ ತೋಯಿಸಿತು. ಅವಳು ನಕ್ಕಳು. ತನ್ನ ನಗು ಎಷ್ಟು ಜೋರಾಗಿತ್ತೋ ಅವಳಿಗೆ ತಿಳಿಯಲಿಲ್ಲ. ಸುತ್ತ ಒಬ್ಬರೂ ತಿರುಗಿ ನೋಡಲಿಲ್ಲವಾದ್ದರಿಂದ ಇನ್ನಷ್ಟು ನಕ್ಕಳು.

ಅಲ್ಲಿಂದ ಹಿಂದಿರುಗುವಾಗ ಕಾರನ್ನು ಮಗಳೇ ಓಡಿಸಿದಳು. ಅಳಿಯ ಕಾಲು ಚಾಚಿಕೊಂಡು ನಿದ್ದೆ ಹೋಗಿದ್ದ. ಪುಟ್ಟಿ ದೊಡ್ಡಮ್ಮನ ತೊಡೆಯ ಮೇಲೆ ತಲೆಯಿಟ್ಟು, ಮುಖ ಮೇಲೆ ಮಾಡಿ, ಬರೀ ತುಟಿಯಲ್ಲಿ ಪದಗಳನ್ನು ಹೇಳುತ್ತ ಪರೀಕ್ಷೆ ಮಾಡಿದಳು. ಏಳರಲ್ಲಿ ಐದಕ್ಕೆ ದೊಡ್ಡಮ್ಮ ಸರಿಯಾಗಿ ಉತ್ತರ ಕೊಟ್ಟಳು. ಉಳಿದೆರಡಕ್ಕೆ ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದು ಮೋಸ ಮಾಡಿದ್ದಳು.